ಟೇಪು ಹಿಡಿದು ತೂಗುವವರು

ಚಪ್ಪಡಿಯ ಸುತ್ತ ನಾಲ್ಕು ಜನ ಆಗಲೇ ಸೊಂಟ ಬಗ್ಗಿಸಿ ನಿಂತಿದ್ದರು. ಮೇಸ್ತ್ರಿ ಕೈಯಾಡಿಸಿ ತಡೆದರು. ಜೇಬಿನಿಂದ ಟೇಪು ತೆಗೆದು ಕಲ್ಲಿನ ಮೇಲೆ ಎಳೆದರು. ಉದ್ದ ಏಳಡಿ, ಅಗಲ ಎರಡಡಿ, ದಪ್ಪ ಮೂರಂಗುಲ. ಒಂದು ಕ್ಷಣ ತುಟಿ ಅಲ್ಲಾಡಿತು. "ಮೂರೂವರೆ ಅಡಿ ಕಲ್ಲು ಇದು. ಇನ್ನಿಬ್ಬರನ್ನ ಕರ್ಕೊಂಡ್ ಬನ್ರಪ್ಪ," ಅಂದರು.

ಮನೆಯ ಹಿಂದಿನ ಮೋರಿ ಮುಚ್ಚಲು ತರಿಸಿದ್ದ ಕಲ್ಲು ಅದು. ನನ್ನ ಕಣ್ಣಿಗೆ ನಾಲ್ವರು ಎತ್ತಬಹುದಾದ ಹಾಸುಗಲ್ಲಿನಂತೆಯೇ ಇತ್ತು. ಕೆಲಸ ಮುಗಿದ ಮೇಲೆ ಲೆಕ್ಕ ಹೇಗೆಂದು ಕೇಳಿದೆ. "ಅಡಿಗೆ ಎಪ್ಪತ್ತೈದು ಕಿಲೋ ಸಾರ್. ಇನ್ನೂರ ಅರವತ್ತು ದಾಟುತ್ತೆ. ನಾಲ್ಕು ಜನ ಎತ್ತಿದ್ರೆ ಒಬ್ಬೊಬ್ಬರ ಕೈಗೆ ಅರವತ್ತೈದು ಕಿಲೋ. ಒಬ್ಬ ಕೈ ಬಿಟ್ಟ ಅಂದ್ರೆ ಉಳಿದ ಮೂವರ ಕಾಲೂ ಹೋಯ್ತು."

ಕಟ್ಟಡದ ಕೆಲಸದವರ ಮಾತಿನಲ್ಲಿ 'ಅಡಿ' ಎಂಬ ಒಂದೇ ಪದ ಮೂರು ಕೆಲಸ ಮಾಡುತ್ತದೆ. ಗೋಡೆಯ ಉದ್ದಕ್ಕೂ ಅಡಿ, ನೆಲದ ಹರವಿಗೂ ಅಡಿ, ಕಲ್ಲು ಮರಳು ಮರದ ಗಾತ್ರಕ್ಕೂ ಅಡಿಯೇ. ಯಾವುದು ಯಾವ ಅಡಿ ಎಂಬುದು ಕೇಳುವವರಿಗೆ ಗೊತ್ತಿರುತ್ತದೆ. ಮೇಸ್ತ್ರಿ ಹೇಳಿದ್ದು ಘನ ಅಡಿ. ಶಾಲೆಯಲ್ಲಿ ನಾವು 'ಸಾಂದ್ರತೆ ಎಂದರೆ ರಾಶಿಯನ್ನು ಗಾತ್ರದಿಂದ ಭಾಗಿಸಿದಾಗ ಬರುವುದು' ಎಂದು ಬರೆದು ಎರಡು ಅಂಕ ಪಡೆದು ಮರೆತ ಸಂಗತಿಯನ್ನು ಅವರು ದಿನವೂ ಬಳಸುತ್ತಾರೆ. ಸಾಂದ್ರತೆ ಎಂಬ ಪದವನ್ನು ಅವರು ಒಮ್ಮೆಯೂ ಆಡಿದ್ದನ್ನು ನಾನು ಕೇಳಿಲ್ಲ.

ಉದ್ದ, ಅಗಲ, ಎತ್ತರ ಎಲ್ಲವೂ ಒಂದೊಂದು ಅಡಿ ಇರುವ ಒಂದು ಪೆಟ್ಟಿಗೆಯನ್ನು ಮನಸ್ಸಿನಲ್ಲಿ ಮಾಡಿಕೊಳ್ಳಿ. ಅದರಲ್ಲಿ 28 ಲೀಟರಿಗೆ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ, ಅಂದರೆ 28 ಕಿಲೋ. ಅದೇ ಪೆಟ್ಟಿಗೆಯಷ್ಟು ಗಟ್ಟಿ ಗ್ರಾನೈಟ್ 75 ಕಿಲೋ. ಕಾಂಕ್ರೀಟ್ 68 ಕಿಲೋ, ಒಳಗೆ ಕಂಬಿ ಇದ್ದರೆ 70. ಒಣಗಿದ ತೇಗ 18 ಕಿಲೋ ಆಸುಪಾಸು. ಉಕ್ಕು 222 ಕಿಲೋ, ಇಬ್ಬರಿಂದ ಎತ್ತಲಾಗದು. ಚಿನ್ನದ ಪೆಟ್ಟಿಗೆ ಸಿಕ್ಕರೆ 546 ಕಿಲೋ, ಅಂದರೆ ಸುಮಾರು ಹನ್ನೊಂದು ಚೀಲ ಸಿಮೆಂಟಿನಷ್ಟು. ಥರ್ಮಾಕೋಲ್ ಆದರೆ ಅರ್ಧ ಕಿಲೋ. ಖಾಲಿ ಎಂದುಕೊಂಡ ಪೆಟ್ಟಿಗೆಯಲ್ಲಿರುವ ಗಾಳಿಗೂ 34 ಗ್ರಾಂ ತೂಕವಿದೆ.

ಟೇಪು ಮೂರು ಸಂಖ್ಯೆ ಕೊಡುತ್ತದೆ. ಗುಣಿಸಲು ಬೇಕಾದ ನಾಲ್ಕನೆಯ ಸಂಖ್ಯೆ ಟೇಪಿನಲ್ಲಿಲ್ಲ. ಅದು ವಸ್ತುವಿನ ಒಳಗಿದೆ. ಮನೆ ಕಟ್ಟಿಸಿದ ಒಂದೂವರೆ ವರ್ಷದಲ್ಲಿ ನಾನು ತಪ್ಪಿದ್ದೆಲ್ಲ ಆ ನಾಲ್ಕನೆಯ ಸಂಖ್ಯೆಯ ಹತ್ತಿರವೇ. ಪುಸ್ತಕದಲ್ಲಿ ಅದಕ್ಕೊಂದು ಪಟ್ಟಿ ಇರುತ್ತದೆ. ಆದರೆ ಒಂದೇ ವಸ್ತು ಗಟ್ಟಿಯಾಗಿದ್ದಾಗ ಒಂದು ತೂಕ, ಪುಡಿಯಾಗಿದ್ದಾಗ ಇನ್ನೊಂದು, ಒದ್ದೆಯಾದಾಗ ಮತ್ತೊಂದು. ಯಾವ ಸ್ಥಿತಿಯಲ್ಲಿದೆ ಎಂದು ನೋಡದೆ ಪಟ್ಟಿಯಿಂದ ಎತ್ತಿಕೊಂಡ ಸಂಖ್ಯೆಯಿಂದ ಗುಣಿಸಿದರೆ ಉತ್ತರ ಕೈಕೊಡುತ್ತದೆ.

ಜಲ್ಲಿಯನ್ನೇ ನೋಡಿ. ಅದೂ ಗ್ರಾನೈಟೇ. ಬಂಡೆಯಾಗಿದ್ದಾಗ ಅಡಿಗೆ 75 ಕಿಲೋ. ಕ್ರಷರಿನಲ್ಲಿ ಒಡೆದು ಮುಕ್ಕಾಲಿಂಚು ಜಲ್ಲಿ ಮಾಡಿ ಪೆಟ್ಟಿಗೆಗೆ ತುಂಬಿದರೆ 43 ಕಿಲೋ ಹಿಡಿದರೆ ಹೆಚ್ಚು. ಕಲ್ಲು ಹಗುರವಾಗಲಿಲ್ಲ, ಕಲ್ಲು ಕಲ್ಲಿನ ನಡುವೆ ಗಾಳಿ ಹೊಕ್ಕಿತು. ಜಲ್ಲಿಯ ರಾಶಿಯಲ್ಲಿ ನೂರಕ್ಕೆ ನಲವತ್ತು ಪಾಲು ಬರೀ ಸಂದು. ಸಿಮೆಂಟಿನದೂ ಇದೇ ಕಥೆ. ಅದರ ಕಣ ನೀರಿಗಿಂತ 3.15 ಪಟ್ಟು ಭಾರ. ಗಟ್ಟಿಯಾಗಿ ಒತ್ತಿ ಸಂದಿಲ್ಲದಂತೆ ಮಾಡಲಾಗುವಂತಿದ್ದರೆ ಅಡಿಗೆ 89 ಕಿಲೋ ಬರಬೇಕು. ಚೀಲದಲ್ಲಿ ಬರುವ ಪುಡಿಗೆ 40 ಕಿಲೋ ಮಾತ್ರ. 50 ಕಿಲೋದ ಚೀಲ ಒಂದೂಕಾಲು ಅಡಿ ಎಂಬ ಮೇಸ್ತ್ರಿಗಳ ಲೆಕ್ಕ ಬಂದಿರುವುದು ಇಲ್ಲಿಂದ.

ಸಂದಿನ ಈ ಲೆಕ್ಕ ನಮ್ಮ ಅಜ್ಜಿಯಂದಿರಿಗೆ ಚೆನ್ನಾಗಿ ಗೊತ್ತಿತ್ತು. ಧಾನ್ಯವನ್ನು ಅವರು ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು. ಪಾವು, ಸೇರು, ಕೊಳಗ, ಖಂಡುಗ. ಹೊರಗಿನವರು ಸೇರು ತುಂಬುವಾಗ ಪಾತ್ರೆಯನ್ನು ಕುಲುಕಿದರೋ ಇಲ್ಲವೋ, ಬಾಯಿ ಸವರಿದರೋ ಮೇಲೆ ಶಿಖರ ಬಿಟ್ಟರೋ ಎಂದು ಕಣ್ಣಿಟ್ಟು ನೋಡುತ್ತಿದ್ದರು. ಕುಲುಕಿದ ಸೇರಿನಲ್ಲಿ ಕಾಳು ಒತ್ತಾಗಿ ಕೂತು ಒಂದು ಹಿಡಿ ಹೆಚ್ಚೇ ಹಿಡಿಯುತ್ತದೆ. ಸೇರಿನ ತುಂಬ ಕಡ್ಲೆಕಾಳು ತುಂಬಿ, ಮೇಲಿಂದ ರಾಗಿ ಸುರಿದು ತಟ್ಟುತ್ತ ಹೋಗಿ. ಒಂದು ಪಾವಿನಷ್ಟಾದರೂ ರಾಗಿ ಒಳಗೆ ಇಳಿದೀತು. ಆಮೇಲೂ ನೀರು ಹೊಯ್ದರೆ ಅದಕ್ಕೂ ಜಾಗವಿರುತ್ತದೆ.

ಕಾಂಕ್ರೀಟ್ ಎಂಬುದು ಕಡ್ಲೆ, ರಾಗಿ, ನೀರಿನ ಇದೇ ಆಟ. ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಒಳಗೆ ಹೋಗುವ ಸಿಮೆಂಟ್ ಅಡಿಗೆ 40 ಕಿಲೋ, ಮರಳು 45, ಜಲ್ಲಿ 43, ನೀರು 28. ಇವುಗಳಲ್ಲಿ ಯಾವುದೂ 45 ದಾಟುವುದಿಲ್ಲ. ಹೊರಬರುವ ಕಾಂಕ್ರೀಟ್ ಮಾತ್ರ 68! ಎಲ್ಲಿಂದ ಬಂತು ಈ ಹೆಚ್ಚಿನ ಭಾರ? ಜಲ್ಲಿಯ ಸಂದಿಗೆ ಮರಳು ಇಳಿಯಿತು, ಮರಳಿನ ಸಂದಿಗೆ ಸಿಮೆಂಟ್ ಹಾಲು ಇಳಿಯಿತು, ಗಾಳಿ ಹೊರಬಿತ್ತು. ನೂರು ಅಡಿ ಕಾಂಕ್ರೀಟಿಗೆ ಒಣ ಸಾಮಾನು ನೂರು ಅಡಿ ಸಾಲದು, 154 ಅಡಿ ಬೇಕೆಂದು ಎಂಜಿನಿಯರುಗಳು ಹಿಡಿಯುತ್ತಾರೆ. ಒಂದಕ್ಕೆ ಒಂದೂವರೆ, ಮೂರು ಹದದಲ್ಲಿ ಹಂಚಿದರೆ 22 ಚೀಲದ ಮೇಲೆ ಸಿಮೆಂಟ್, 42 ಅಡಿ ಮರಳು, 84 ಅಡಿ ಜಲ್ಲಿ. ತೂಕಕ್ಕೆ ತಿರುಗಿಸಿ ನೀರನ್ನೂ ಸೇರಿಸಿ ಕೂಡಿದರೆ ಏಳು ಟನ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಳಗೆ ಹೋದ ತೂಕವೂ ಹೊರಗೆ ಬಂದ ತೂಕವೂ ಹೀಗೆ ತಾಳೆಯಾದ ರಾತ್ರಿ ನನಗಾದ ಸಂತೋಷವನ್ನು ಮನೆಯವರಿಗೆ ವಿವರಿಸಲು ಹೋಗಿ ಅನ್ನ ಆರಿಸಿಕೊಂಡೆ.

ಮರಳು ಮಾತ್ರ ಸುಲಭಕ್ಕೆ ಬಗ್ಗುವ ವಸ್ತುವಲ್ಲ. ಜುಲೈ ತಿಂಗಳ ಜಿನುಗು ಮಳೆಯಲ್ಲಿ ಒಂದು ಲೋಡ್ ಬಂತು. ಮೇಸ್ತ್ರಿ ಊರಿಗೆ ಹೋಗಿದ್ದರು. ನಾನೇ ಟಿಪ್ಪರಿನ ಮೇಲೆ ಹತ್ತಿ ಅಳೆದೆ: ಉದ್ದ 12, ಅಗಲ ಆರೂವರೆ, ಎತ್ತರ 3. ಒಟ್ಟು 234 ಅಡಿ. ಬಿಲ್ಲಿನಲ್ಲೂ ಅಷ್ಟೇ ಇತ್ತು. ಸಮಾಧಾನದಿಂದ ದುಡ್ಡು ಕೊಟ್ಟು ಕಳಿಸಿದೆ. ಆದರೆ ಗಾರೆ ಕೆಲಸ ಮುಗಿಯುವ ಮೊದಲೇ ಮರಳು ಮುಗಿಯಿತು. ಯಾರಾದರೂ ರಾತ್ರಿ ಹೊತ್ತೊಯ್ದರೋ ಎಂದು ಎರಡು ದಿನ ಅಕ್ಕಪಕ್ಕದವರನ್ನೆಲ್ಲ ಅನುಮಾನದಿಂದ ನೋಡಿದೆ. ಅದನ್ನು ನೆನೆದರೆ ಇವತ್ತಿಗೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಕದ್ದವರು ಯಾರೂ ಇರಲಿಲ್ಲ. ಮರಳಿಗೆ ಸ್ವಲ್ಪ ತೇವ ತಾಗಿದರೆ ಅದು ಉಬ್ಬುತ್ತದೆ. ಪ್ರತಿ ಕಣದ ಸುತ್ತ ನೀರಿನದೊಂದು ತೆಳು ಪೊರೆ ಕಟ್ಟಿಕೊಂಡು, ಕಣಗಳು ಒಂದಕ್ಕೊಂದು ಒತ್ತಿ ಕೂರದಂತೆ ಹಿಡಿಯುತ್ತದೆ. ತೇವ ನೂರಕ್ಕೆ ಐದಾರು ಪಾಲು ಇದ್ದಾಗ ಈ ಉಬ್ಬು ಹೆಚ್ಚು. ಸಾಧಾರಣ ಮರಳು ಕಾಲು ಪಾಲು ಉಬ್ಬಿದರೆ, ನುಣುಪು ಮರಳು ಇನ್ನೂ ಹೆಚ್ಚು ಉಬ್ಬುತ್ತದೆ. ವಿಚಿತ್ರವೆಂದರೆ ನೀರು ಪೂರ್ತಿ ತುಂಬಿದಾಗ ಆ ಪೊರೆಗಳು ಕಳಚಿ ಮರಳು ಮತ್ತೆ ಒಣಗಿದ್ದಾಗಿನ ಗಾತ್ರಕ್ಕೇ ಇಳಿಯುತ್ತದೆ. ನನ್ನ 234 ಅಡಿ ಕಾಲು ಪಾಲು ಉಬ್ಬಿದ್ದಾಗಿದ್ದರೆ ಒಳಗಿದ್ದ ಮರಳು 187 ಅಡಿ. ಉಳಿದ 47 ಅಡಿಯ, ಅಂದರೆ ಎರಡು ಟನ್ ಮರಳಿನ, ಬೆಲೆಯನ್ನು ನಾನು ಕೊಟ್ಟದ್ದು ಗಾಳಿಗೆ. ಹಾಗೆಂದು ವೇಬ್ರಿಡ್ಜಿನ ಮೇಲೆ ತೂಗಿ ಕೊಂಡರೆ ಎಲ್ಲ ಸರಿಹೋಯಿತೆಂದಲ್ಲ. ಆಗ ಮರಳಿನ ಜೊತೆ ನೀರೂ ತೂಗುತ್ತದೆ.

ಇದನ್ನು ಕಂಡುಕೊಳ್ಳಲು ಪ್ರಯೋಗಾಲಯ ಬೇಕಿಲ್ಲ. ಗೋಡೆ ನೇರವಾಗಿರುವ ಗಾಜಿನ ಲೋಟಕ್ಕೆ ತೇವದ ಮರಳನ್ನು ಒತ್ತದೆ ತುಂಬಿ ಎತ್ತರ ಗುರುತು ಮಾಡಿ. ಅದನ್ನು ತೆಗೆದು, ಲೋಟದಲ್ಲಿ ಅರ್ಧ ನೀರು ಹಾಕಿ, ಅದೇ ಮರಳನ್ನು ಮೆಲ್ಲಗೆ ಮತ್ತೆ ಹಾಕುತ್ತ ಕಡ್ಡಿಯಿಂದ ಕುಟ್ಟಿ. ಹತ್ತು ಸೆಂಟಿಮೀಟರ್ ಇದ್ದದ್ದು ಎಂಟಕ್ಕೆ ಇಳಿದರೆ ಉಬ್ಬು ನೂರಕ್ಕೆ 25. ಮಳೆಗಾಲದಲ್ಲಿ ಮರಳು ಕೊಳ್ಳುವ ಪ್ರತಿಯೊಬ್ಬರೂ ಇಷ್ಟು ಮಾಡಬೇಕೆಂದು ನಾನು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಕಂಬಿಯ ವಿಷಯದಲ್ಲಿ ಲೆಕ್ಕ ಹಿಂದುಮುಂದಾಗುತ್ತದೆ. ಉಕ್ಕಿಗೆ ಉಬ್ಬುವ, ಕುಗ್ಗುವ ಚಾಳಿಯಿಲ್ಲ. ಘನ ಮೀಟರಿಗೆ 7850 ಕಿಲೋ ಎಂದು ಕಣ್ಣುಮುಚ್ಚಿ ಹಿಡಿಯಬಹುದು. ದುಂಡು ಕಂಬಿಯ ಅಡ್ಡಗಲವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. ವೃತ್ತದ ಲೆಕ್ಕವೂ ಉಕ್ಕಿನ ಸಾಂದ್ರತೆಯೂ ಆ 162ರೊಳಗೇ ಅಡಗಿವೆ. 12 ಮಿಲಿಮೀಟರಿನ ಕಂಬಿಗೆ 144 ಭಾಗಿಸು 162, ಅಂದರೆ 0.89 ಕಿಲೋ. ಕಂಬಿ 12 ಮೀಟರ್ ಉದ್ದ ಬರುವುದರಿಂದ ಒಂದಕ್ಕೆ 10.67 ಕಿಲೋ. ಎಂಟರ ಕಂಬಿ 4.74, ಹತ್ತರದು 7.4. ಬಾರ್ ಬೆಂಡರ್ ಕೆಲಸ ಮಾಡುವ ಹುಡುಗರಿಗೆ ಇದು ಮಗ್ಗಿಯಂತೆ ಬಾಯಿಗೆ ಬರುತ್ತದೆ.

ಹಿಂದುಮುಂದು ಎಂದೆನಲ್ಲ, ಅದು ಏಕೆಂದರೆ ಕಂಬಿಯ ಮೇಲೆ ಏಣುಗಳಿರುತ್ತವೆ. ಕ್ಯಾಲಿಪರ್ ಹಿಡಿದು ದಪ್ಪ ನೋಡಲು ಹೋದರೆ ಏಣಿನ ಮೇಲೆ ಒಂದು ಅಳತೆ, ಏಣಿನ ನಡುವೆ ಇನ್ನೊಂದು. ನಿಜವಾದ ದಪ್ಪ ತಿಳಿಯಬೇಕಾದರೆ ಒಂದು ಮೀಟರ್ ತುಂಡು ಕತ್ತರಿಸಿ ತೂಗಲೇಬೇಕು. ಭಾರತೀಯ ಮಾನಕ ಐಎಸ್ 1786 ಕೂಡ ಕಂಬಿಯ ಅಳತೆಯನ್ನು ತೂಕದಿಂದಲೇ ನಿಗದಿ ಮಾಡುತ್ತದೆ. 10 ಮಿಲಿಮೀಟರ್ ವರೆಗಿನದಕ್ಕೆ ನೂರಕ್ಕೆ 7, ಅದರ ಮೇಲೆ 16ರ ವರೆಗೆ 5, ಇನ್ನೂ ದಪ್ಪದವಕ್ಕೆ 3ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಡುತ್ತದೆ. ಅದನ್ನು ಮೀರಿ ಹನ್ನೆರಡರ ಕಂಬಿ ನೂರಕ್ಕೆ ಹತ್ತು ಹಗುರವಾಗಿ ಬಂದರೆ ಹೋಗುವುದು ದುಡ್ಡು ಮಾತ್ರವಲ್ಲ. ಅದು ಹನ್ನೊಂದೂವರೆಯನ್ನೂ ಮುಟ್ಟದ ಕಂಬಿ. ಎಂಜಿನಿಯರ್ ಹನ್ನೆರಡೆಂದು ನಂಬಿ ಬರೆದ ನಕ್ಷೆಯ ತೊಲೆಯೊಳಗೆ ಅದು ಐವತ್ತು ವರ್ಷ ಕೂರಬೇಕು.

ಮರದ ವ್ಯಾಪಾರದಲ್ಲಿ ಇನ್ನೊಂದು ಬಲೆ ಇದೆ. ದುಂಡು ದಿಮ್ಮಿಯನ್ನು ಅಳೆಯುವಾಗ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಪದ್ಧತಿ ಹಳೆಯದು. ನಾಲ್ಕಡಿ ಸುತ್ತಳತೆಯ, ಹತ್ತಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ ಹತ್ತು ಅಡಿ. ನಿಜವಾದ ಗಾತ್ರ 12.7 ಅಡಿ. ಕೊಯ್ದು ಚೌಕ ಮಾಡುವಾಗ ಹೋಗುವ ಹೊರಪದರವನ್ನು ಕೊಳ್ಳುವವನ ತಲೆಗೆ ಕಟ್ಟದಿರಲು ಮಾಡಿಕೊಂಡ ಏರ್ಪಾಡು, ನ್ಯಾಯವಾದದ್ದೇ. ಆದರೆ ಲಾರಿಗೆ ಏರುವುದು ಪೂರ್ತಿ ದಿಮ್ಮಿ. ಅದೂ ಹಸಿ ಮರವಾದರೆ ನೀರಿನಷ್ಟೇ ತೂಗುವುದುಂಟು. ಹತ್ತು ಅಡಿ, ಅಡಿಗೆ ಹದಿನೆಂಟು ಕಿಲೋ ಎಂದು 180 ಕಿಲೋ ಹಿಡಿದವನ ಹಗ್ಗಕ್ಕೆ 360 ಕಿಲೋ ತೂಗಿಬಿದ್ದಿರುತ್ತದೆ.

ತಕ್ಕಡಿಗೆ ಹಾಕಲು ಸಾಧ್ಯವೇ ಇಲ್ಲದ ಭಾರಗಳೂ ಇವೆ. ಧರ್ಮಸ್ಥಳದ ಬಾಹುಬಲಿಯನ್ನು ಕೆತ್ತಿದ್ದು ಧರ್ಮಸ್ಥಳದಲ್ಲಲ್ಲ, ಕಾರ್ಕಳದಲ್ಲಿ. ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ಉಳಿಯಲ್ಲಿ ಮೂಡಿದ 39 ಅಡಿ ಎತ್ತರದ ಏಕಶಿಲೆ ಅದು. 1973ರಲ್ಲಿ ಅದನ್ನು ಟ್ರೇಲರಿನ ಮೇಲೆ ಮಲಗಿಸಿ ರಸ್ತೆಯಲ್ಲಿ ಸಾಗಿಸಿದರು, ಪ್ರತಿಷ್ಠೆಯಾದದ್ದು 1982ರಲ್ಲಿ. ತೂಕ ಸುಮಾರು 170 ಟನ್ ಎಂದು ಹೇಳುತ್ತಾರೆ. ಆ ಅಂಕಿಯ ಅಂದಾಜು ಹಿಡಿಯಲು ಮೇಸ್ತ್ರಿಯ 75 ಕಿಲೋ ಸಾಕು: 39 ಅಡಿ ಉದ್ದ, 10 ಅಡಿ ಅಗಲ, 6 ಅಡಿ ದಪ್ಪದ ಬಂಡೆಯೊಂದನ್ನು ಊಹಿಸಿಕೊಂಡು ಗುಣಿಸಿದರೆ 175 ಟನ್ ಬರುತ್ತದೆ. ಇಂಥ ಮೂರ್ತಿಯನ್ನು ಕದಲಿಸುವ ಮುಂಚೆ ಎಷ್ಟು ಚಕ್ರ ಬೇಕು, ದಾರಿಯ ಮೋರಿ, ಸೇತುವೆಗಳು ತಾಳುತ್ತವೆಯೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಬೇಕು. ಆ ಉತ್ತರ ಟೇಪಿನಿಂದಲೇ ಹುಟ್ಟಬೇಕು.

ಎತ್ತರ ಒಂದೂವರೆ ಪಟ್ಟಾದರೆ ಭಾರವೂ ಒಂದೂವರೆ ಪಟ್ಟು ಎಂದು ಮನಸ್ಸು ಹೇಳುತ್ತದೆ. ಎತ್ತರದ ಜೊತೆ ಅಗಲವೂ ದಪ್ಪವೂ ಬೆಳೆಯುತ್ತವೆ ಎಂಬುದನ್ನು ಅದು ಮರೆಯುತ್ತದೆ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 58 ಅಡಿ. ಮೈಕಟ್ಟು ಧರ್ಮಸ್ಥಳದ ಮೂರ್ತಿಯಂತೆಯೇ ಎಂದಿಟ್ಟುಕೊಂಡರೆ ಅದರ ತೂಕ ಮೂರು ಪಟ್ಟಿಗೂ ಮೇಲೆ ಹೋಗಿ 550 ಟನ್ ಮುಟ್ಟುತ್ತದೆ. ವಿಂಧ್ಯಗಿರಿಯ ತಲೆಯ ಮೇಲಿನ ಬಂಡೆಯನ್ನು ನಿಂತಲ್ಲೇ ಕಡೆದ ಆ ಶಿಲ್ಪಿಗಳ ಜಾಣ್ಮೆಗೆ ಈ ಲೆಕ್ಕ ಹಾಕಿದ ಮೇಲೆ ನನ್ನ ಗೌರವ ಇನ್ನಷ್ಟು ಹೆಚ್ಚಿತು. ಮನೆಗೆ ಎರಡಡಿಯ ಶಿಲಾಮೂರ್ತಿ ತಂದು ಇಬ್ಬರೇ ಇಳಿಸಿಕೊಂಡವರು, ನಾಲ್ಕಡಿಯದಕ್ಕೆ ನಾಲ್ವರು ಸಾಕೆಂದು ಹೋಗಬಾರದು. ಅದು ಎಂಟು ಪಟ್ಟು, ಹದಿನಾರು ಜನರ ಭಾರ.

ಇಷ್ಟೆಲ್ಲ ಹೇಳಿದ್ದು ಕೊನೆಗೆ ತಾರಸಿಯ ಮಾತಿಗೆ ಬರಲು. ಮನೆ ಮುಗಿದ ಮೇಲೆ ಅಮ್ಮನ ಆಸೆ ಒಂದೇ ಇತ್ತು. ಊರಲ್ಲಿ ಬಿಟ್ಟುಬಂದ ಹಿತ್ತಲನ್ನು ತಾರಸಿಯ ಮೇಲೆ ಮಾಡಿಕೊಳ್ಳುವುದು. ಹತ್ತಡಿ ಉದ್ದ, ನಾಲ್ಕಡಿ ಅಗಲ, ಸುತ್ತ ಒಂದೂವರೆ ಅಡಿ ಇಟ್ಟಿಗೆ ಕಟ್ಟಿ ಒಳಗೆ ಕೆಮ್ಮಣ್ಣು. ಬದನೆ, ಬೆಂಡೆ, ಒಂದು ಕರಿಬೇವು. ನಾನು 'ಆಗಲಮ್ಮ' ಎಂದುಬಿಟ್ಟಿದ್ದೆ.

ಮಣ್ಣು ತರಿಸುವ ಹಿಂದಿನ ದಿನ ಮೇಸ್ತ್ರಿ ಬಂದವರು ನಾಲ್ಕನೆಯ ಸಂಖ್ಯೆಯನ್ನು ನಮ್ಮಿಂದಲೇ ಕಂಡುಹಿಡಿಸಿದರು. 20 ಲೀಟರಿನ ಖಾಲಿ ಪೇಂಟ್ ಬಕೆಟ್ಟಿಗೆ ಮಣ್ಣು ತುಂಬಿ, ನೀರು ಕುಡಿಸಿ, ಹೆಚ್ಚಿನದನ್ನು ಬಸಿದು, ಮನೆಯ ತೂಕದ ಯಂತ್ರದ ಮೇಲಿಟ್ಟೆವು. ಬಕೆಟ್ಟಿನ ತೂಕ ಕಳೆದು 36 ಕಿಲೋ. ಅಂದರೆ ಲೀಟರಿಗೆ 1.8, ಅಡಿಗೆ 51 ಕಿಲೋ. ಅಮ್ಮನ ಹಿತ್ತಲು 60 ಅಡಿ. ಒಟ್ಟು ಮೂರು ಟನ್, ಇಟ್ಟಿಗೆಯ ಭಾರ ಬೇರೆ. ಮೂರು ಸಣ್ಣ ಕಾರುಗಳನ್ನು ಒಂದರ ಮೇಲೊಂದು ಪೇರಿಸಿ ತಾರಸಿಯ ನಡುಮಧ್ಯ ಇಟ್ಟಂತೆ.

ಜನ ಓಡಾಡುವ ತಾರಸಿಗೆ ನಮ್ಮ ಮಾನಕದಲ್ಲಿ ಚದರ ಮೀಟರಿಗೆ ಸುಮಾರು 150 ಕಿಲೋ, ಅಂದರೆ ಚದರಡಿಗೆ 14 ಕಿಲೋ ಹೊರೆ ಹಿಡಿದು ನಕ್ಷೆ ಮಾಡುತ್ತಾರೆ. ಐದಿಂಚಿನ ಮೋಲ್ಡಿನ ಸ್ವಂತ ಭಾರವೇ ಚದರಡಿಗೆ 29 ಕಿಲೋ. ಅದನ್ನು ಬೇರೆ ಲೆಕ್ಕ ಹಾಕಿರುತ್ತಾರೆ. ಒಂದೂವರೆ ಅಡಿ ಒದ್ದೆ ಮಣ್ಣು ಚದರಡಿಗೆ 76 ಕಿಲೋ. 14 ಎಲ್ಲಿ, 76 ಎಲ್ಲಿ? ಸುರಕ್ಷತೆಗೆಂದು ಎಂಜಿನಿಯರುಗಳು ಸ್ವಲ್ಪ ಹೆಚ್ಚೇ ಶಕ್ತಿ ಇಟ್ಟಿರುತ್ತಾರೆ, ಹಾಗಾಗಿ ಹಾಕಿದ ದಿನವೇ ಕುಸಿಯದಿರಬಹುದು. ಮೊದಲ ಮಳೆಗಾಲ ಕಳೆದ ಮೇಲೆ ಕೆಳಗಿನ ಕೋಣೆಯ ಸೂರಿನಲ್ಲಿ ಒಂದು ಗೆರೆ ಕಾಣುತ್ತದೆ. ಜನ ಅದಕ್ಕೆ ಪುಟ್ಟಿ ಹಚ್ಚಿ ಬಣ್ಣ ಬಳಿಯುತ್ತಾರೆ. ಮೇಲಿರುವ ಮಣ್ಣನ್ನು ಯಾರೂ ನೋಡುವುದಿಲ್ಲ.

ನೀರಿನ ಭಾರವನ್ನಂತೂ ನಾವು ಭಾರವೆಂದೇ ಎಣಿಸುವುದಿಲ್ಲ. ಸಾವಿರ ಲೀಟರಿನ ಕಪ್ಪು ಟ್ಯಾಂಕನ್ನು ಖಾಲಿಯಿದ್ದಾಗ ಒಬ್ಬ ಹುಡುಗ ಉರುಳಿಸಿಕೊಂಡು ಬರುತ್ತಾನೆ. ತುಂಬಿದಾಗ ಅದು ಒಂದು ಟನ್, ಚದರಡಿಗೆ ನೂರು ಕಿಲೋ ಹತ್ತಿರ. ಅದಕ್ಕೇ ಅದನ್ನು ಗೋಡೆ, ಕಂಬ, ತೊಲೆಗಳ ಮೇಲೆಯೇ ಕೂರಿಸಬೇಕು. ಇನ್ನು, ಮಳೆನೀರು ಇಳಿಯುವ ಕೊಳವೆಗೆ ಎಲೆ ಕಟ್ಟಿಕೊಂಡು ಮೂವತ್ತು ನಲವತ್ತರ ತಾರಸಿಯ ಮೇಲೆ ಆರಿಂಚು ನೀರು ನಿಂತಿತೆಂದುಕೊಳ್ಳಿ. 600 ಘನ ಅಡಿ, 17 ಟನ್. ಚದರಡಿಗೆ ಸರಿಯಾಗಿ 14 ಕಿಲೋ, ತಾರಸಿಗೆ ಅನುಮತಿಸಿದ ಹೊರೆ ಪೂರ್ತಿ ಅದೇ ನುಂಗಿಬಿಡುತ್ತದೆ. ಆ ನೀರಿನಲ್ಲಿ ಇಳಿದು ಕೊಳವೆ ಬಿಡಿಸಲು ಹೋದವನಿಗೂ ಜಾಗ ಉಳಿಯುವುದಿಲ್ಲ. ಕಟ್ಟುವ ಕಾಲದಲ್ಲೂ ಇದೇ. ಹಸಿ ಮೋಲ್ಡಿನ ಮೇಲೆ ಹತ್ತು ಚೀಲ ಸಿಮೆಂಟನ್ನು ಒಂದರ ಮೇಲೊಂದು ಪೇರಿಸಿದರೆ ಚದರಡಿಗೆ ಸುಮಾರು 140 ಕಿಲೋ ಬೀಳುತ್ತದೆ. ಮೂರಡಿ ಎತ್ತರಕ್ಕೆ ಮರಳು ಸುರಿದರೂ ಅಷ್ಟೇ. ಮತ್ತೆ ಮತ್ತೆ ಹತ್ತಿ ಇಳಿಯುವ ಕಷ್ಟ ತಪ್ಪಿಸಲು ಹೀಗೆ ಮಾಡುವುದನ್ನು ಎಷ್ಟೋ ಕಡೆ ಕಂಡಿದ್ದೇನೆ, ಕಂಡಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಚೀಲಗಳನ್ನು ಹರಡಿ ಇಡಲು ಹತ್ತು ನಿಮಿಷ ಸಾಕು.

ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ಮುಖ ಸಣ್ಣದಾಯಿತು. "ಹಾಗಾದ್ರೆ ಬದನೆ ಎಲ್ಲಿ ಹಾಕ್ಲಿ?" ಅಂದರು. ಮೇಸ್ತ್ರಿ ಕೆಳಗಿಳಿದು ಗೋಡೆಗಳ ಜಾಡು ಅಳೆದು, ತಾರಸಿಯ ಮೇಲೆ ಸುಣ್ಣದಲ್ಲಿ ಗೆರೆ ಹಾಕಿಕೊಟ್ಟರು. "ಈ ಗೆರೆ ಮೇಲೆ ಇಡಿ ಅಮ್ಮಾ, ಕೆಳಗೆ ಗೋಡೆ ಐತೆ." ಬರೀ ಮಣ್ಣಿನ ಬದಲು ತೆಂಗಿನ ನಾರಿನ ಪುಡಿ, ಗೊಬ್ಬರ, ಸ್ವಲ್ಪ ಮಣ್ಣು ಕಲಸಿ ಅದನ್ನೂ ನೀರು ಕುಡಿಸಿಯೇ ತೂಗಿದೆವು. ಅದೇ ಬಕೆಟ್ಟಿಗೆ 20 ಕಿಲೋ. ಒಣಗಿದ್ದಾಗ ತೂಗಿದ್ದರೆ ಅದರ ಅರ್ಧವೂ ಬರುತ್ತಿರಲಿಲ್ಲ, ನಾವು ಮತ್ತೆ ಮೋಸಹೋಗುತ್ತಿದ್ದೆವು.

ಈಗ ಸುಣ್ಣದ ಗೆರೆಯ ಮೇಲೆ ಹನ್ನೊಂದು ಕುಂಡಗಳಿವೆ. ಹನ್ನೆರಡನೆಯದನ್ನು ತಂದು ಎರಡು ವಾರವಾಯಿತು, ಅದರಲ್ಲಿ ಕರಿಬೇವಿನ ಸಸಿ ಇದೆ. ತಾರಸಿಯ ನಡುವೆ ಬೇಕಾದಷ್ಟು ಜಾಗವಿದೆ, ಬಿಸಿಲೂ ಚೆನ್ನಾಗಿ ಬೀಳುತ್ತದೆ. ಅಲ್ಲಿ ಕೆಳಗೆ ಗೋಡೆ ಇಲ್ಲ. ಅಮ್ಮ ಅದನ್ನು ಮೆಟ್ಟಿಲ ಬುಡದಲ್ಲೇ ಇಟ್ಟುಕೊಂಡು ನೀರು ಹಾಕುತ್ತಿದ್ದಾರೆ.